ಕಾಲೇಜು ಲೈಬ್ರರಿ ಬಳಸಿ ಸಿಎಸ್ ರಿಸರ್ಚ್ ಮಾಡುವುದು ಹೇಗೆ? ಎಲ್ಲಿ ಕ್ಲಿಕ್ ಮಾಡಿದರೂ ದುಡ್ಡು ಕೇಳುತ್ತಿದೆ

ಏಳನೇಸೆಮ್_ಗೋಳು

ಎಲ್ಲರಿಗೂ ನಮಸ್ಕಾರ. ತುಮಕೂರು ಕಡೆಯ ಪ್ರೈವೇಟ್ ಕಾಲೇಜು, ವಿಟಿಯು, ಕಂಪ್ಯೂಟರ್ ಸೈನ್ಸ್, ಏಳನೇ ಸೆಮ್. ನಮ್ಮ ಪ್ರಾಜೆಕ್ಟ್ ಏನಂದರೆ ಯೂಟ್ಯೂಬ್‌ನಲ್ಲಿ ಕನ್ನಡ ವಿಡಿಯೋಗಳ ಕೆಳಗೆ ಜನ ಕನ್ನಡ-ಇಂಗ್ಲಿಷ್ ಬೆರೆಸಿ, ಅದೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾರಲ್ಲ, ಆ ಕಾಮೆಂಟ್‌ಗಳಲ್ಲಿ ಬೈಗುಳ ಯಾವುದು ಮಾಮೂಲಿ ಮಾತು ಯಾವುದು ಅಂತ ಕಂಪ್ಯೂಟರ್‌ಗೆ ಕಲಿಸುವುದು. ಗೈಡ್ ಲಿಟರೇಚರ್ ಸರ್ವೇಗೆ, ಅಂದರೆ ಈ ವಿಷಯದಲ್ಲಿ ಹಿಂದೆ ಆದ ಕೆಲಸದ ಅವಲೋಕನಕ್ಕೆ, ಕನಿಷ್ಠ 15 ಸಂಶೋಧನಾ ಪೇಪರ್ ಕೇಳಿದ್ದಾರೆ. ನಮ್ಮ ಕೆಲಸಕ್ಕೆ ಆಧಾರವಾಗುವ ಬೇಸ್ ಪೇಪರ್ ಐ ಟ್ರಿಪಲ್ ಇ (ಇಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ, ಜರ್ನಲ್ ಪ್ರಕಟಿಸುತ್ತದೆ) ಇಂದಲೇ ಬೇಕಂತೆ, ಮೂರು ವರ್ಷದೊಳಗಿನದು.

ಐ ಟ್ರಿಪಲ್ ಇ ಸೈಟ್‌ಗೆ ಹೋದರೆ ಅಬ್‌ಸ್ಟ್ರಾಕ್ಟ್ ಮಾತ್ರ ಕಾಣುತ್ತದೆ, ಮುಂದಕ್ಕೆ ಡಾಲರ್ ಲೆಕ್ಕ. ಸೀನಿಯರ್ ಒಬ್ಬರು "ಪ್ರಾಜೆಕ್ಟ್ ಸೆಂಟರ್‌ಗೆ ಹೋಗು, ಪೇಪರ್ ಕೋಡ್ ರಿಪೋರ್ಟ್ ಎಲ್ಲಾ ಒಟ್ಟಿಗೆ ಕೊಡ್ತಾರೆ" ಅಂದರು. ಅದು ಇಷ್ಟ ಇಲ್ಲ. ನಮ್ಮ ಲೈಬ್ರರಿಗೆ ನಾವು ಹೋಗುವುದು ಇಂಟರ್ನಲ್ಸ್ ಹಿಂದಿನ ವಾರ ಹಳೇ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸುವುದಕ್ಕೆ, ಇಲ್ಲ ಅಂದರೆ ಫ್ಯಾನ್ ಕೆಳಗೆ ಕೂರುವುದಕ್ಕೆ. ಅಲ್ಲಿ ರಿಸರ್ಚ್‌ಗೆ ಬೇಕಾದ್ದು ಏನಾದರೂ ಸಿಗುತ್ತದಾ?

ಪುಟ_ತಿರುಗಿಸು

ಇಂಜಿನಿಯರಿಂಗ್ ಕಾಲೇಜಿನ ಲೈಬ್ರೇರಿಯನ್ ನಾನು. ಒಂದು ಪ್ರಶ್ನೆ ಕೇಳುತ್ತೇನೆ, ಆ ಪೇಪರ್ ಎಲ್ಲಿ ಕೂತು ತೆರೆದಿರಿ? ಹಾಸ್ಟೆಲ್‌ನಲ್ಲಿ, ಮೊಬೈಲ್ ಡೇಟಾದಲ್ಲಿ, ಅಲ್ವಾ?

ಇಲ್ಲೇ ಮುಕ್ಕಾಲು ಜನ ಎಡವುವುದು. ಪ್ರಕಾಶಕರ ಸೈಟಿಗೆ ನೀವು ಯಾರು ಅಂತ ಗೊತ್ತಿರುವುದಿಲ್ಲ. ನಿಮ್ಮ ಕಾಲೇಜಿನ ಇಂಟರ್ನೆಟ್ ವಿಳಾಸ ಮಾತ್ರ ಗೊತ್ತು. ಕಾಲೇಜು ಚಂದಾ ಕಟ್ಟುವಾಗ "ಈ ಐಪಿ ವಿಳಾಸಗಳಿಂದ ಬಂದವರು ನಮ್ಮವರು" ಅಂತ ಪಟ್ಟಿ ಕೊಟ್ಟಿರುತ್ತದೆ. ಆ ನೆಟ್‌ವರ್ಕ್ ಒಳಗಿಂದ ಹೋದರೆ ಬಾಗಿಲು ತಾನಾಗಿ ತೆರೆಯುತ್ತದೆ, ಪಾಸ್‌ವರ್ಡ್ ಕೂಡ ಕೇಳುವುದಿಲ್ಲ. ಜಿಯೋ ಸಿಮ್‌ನಿಂದ ಹೋದರೆ ನೀವು ದಾರಿಹೋಕರು.

ನಾಳೆ ಕಾಲೇಜಿಗೆ ಹೋದಾಗ ಡಿಜಿಟಲ್ ಲೈಬ್ರರಿಯ ಕಂಪ್ಯೂಟರ್‌ನಲ್ಲೇ ಕೂತು ಅದೇ ಪೇಪರ್ ತೆರೆಯಿರಿ. ಐ ಟ್ರಿಪಲ್ ಇ ಎಕ್ಸ್‌ಪ್ಲೋರ್ ಪುಟದ ಮೇಲ್ಗಡೆ "ಆಕ್ಸೆಸ್ ಪ್ರೊವೈಡೆಡ್ ಬೈ" ಅಂತ ಬಂದು ಪಕ್ಕದಲ್ಲಿ ನಿಮ್ಮ ಕಾಲೇಜಿನ ಹೆಸರು ಇದ್ದರೆ ಚಂದಾ ಇದೆ ಅಂತಲೇ ಅರ್ಥ. ಹೆಸರು ಬರದಿದ್ದರೂ ಅಲ್ಲಿಗೇ ಬಿಡಬೇಡಿ, ಕೌಂಟರ್‌ನಲ್ಲಿ ಕೇಳಿ. ವಿಟಿಯು ಕನ್ಸೋರ್ಟಿಯಂ ಅಂತ ಇದೆ, ಸದಸ್ಯ ಕಾಲೇಜುಗಳಿಗೆಲ್ಲಾ ಸೇರಿಸಿ ಇ-ಜರ್ನಲ್ ಇ-ಬುಕ್ ತರಿಸುವ ವ್ಯವಸ್ಥೆ. ಮನೆಯಿಂದ, ಹಾಸ್ಟೆಲ್‌ನಿಂದ ಓದುವುದಕ್ಕೆ ರಿಮೋಟ್ ಲಾಗಿನ್ ಬೇರೆ ಇರುತ್ತದೆ. ಯುಎಸ್‌ಎನ್ (ವಿಟಿಯು ಕೊಟ್ಟ ವಿದ್ಯಾರ್ಥಿ ಸಂಖ್ಯೆ) ಮತ್ತು ಇಮೇಲ್ ಕೊಟ್ಟರೆ ಲೈಬ್ರರಿಯವರು ಐಡಿ ಮಾಡಿಕೊಡುತ್ತಾರೆ. ಕೇಳಿಕೊಂಡು ಬರುವ ಹುಡುಗರೇ ಕಡಿಮೆ. ನೋಟಿಸ್ ಬೋರ್ಡಿನಲ್ಲಿ ಹಾಕಿದ್ದು ಯಾರೂ ಓದುವುದಿಲ್ಲ ಬಿಡಿ.

ಸರ್ಕಾರಿ_ಸೀಟು

ನಾನು ಸರ್ಕಾರಿ ಇಂಜಿನಿಯರಿಂಗ್ ಕಾಲೇಜು. ನಮಗೆ 2025ರಿಂದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಶನ್ ಬಂದಿದೆ, ದೇಶದ ಸಂಸ್ಥೆಗಳಿಗೆಲ್ಲಾ ಸೇರಿಸಿ ಕೇಂದ್ರ ಸರ್ಕಾರವೇ ಜರ್ನಲ್ ಚಂದಾ ಕಟ್ಟುವ ಯೋಜನೆ. 2024ರ ನವೆಂಬರ್ 25ಕ್ಕೆ ಕೇಂದ್ರ ಸಂಪುಟ ಒಪ್ಪಿದ್ದು, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರು, ಸುಮಾರು 13,000 ಜರ್ನಲ್. ಗಾಂಧಿನಗರದ ಇನ್‌ಫ್ಲಿಬ್‌ನೆಟ್ (ಯುಜಿಸಿಯ ಲೈಬ್ರರಿ ಜಾಲ ಕೇಂದ್ರ) ನೋಡಿಕೊಳ್ಳುತ್ತದೆ. ಐ ಟ್ರಿಪಲ್ ಇ, ಎಲ್ಸೆವಿಯರ್, ಸ್ಪ್ರಿಂಗರ್ ಎಲ್ಲಾ ಇದೆ. ಮೊದಲು ನಮ್ಮ ಲೈಬ್ರರಿಯಲ್ಲಿ ಇ-ಜರ್ನಲ್ ಅಂದರೆ ಕಪಾಟಿನ ಮೇಲಿನ ಬೋರ್ಡ್ ಮಾತ್ರ ಇತ್ತು, ಈಗ ನಿಜಕ್ಕೂ ತೆರೆಯುತ್ತಿದೆ.

ತೆರಿಗೆ_ಕಟ್ಟಿದವ

ಪ್ರೈವೇಟ್ ಕಾಲೇಜಿನವರಿಗೆ ಯಾಕಿಲ್ಲ ಅದು? "ಒನ್ ನೇಷನ್" ಅನ್ನುವ ಹೆಸರಿನಲ್ಲಿ ನಾವು ಬರುವುದಿಲ್ಲವಾ? ನಮ್ಮ ರಾಜ್ಯದಲ್ಲಿ ಇಂಜಿನಿಯರಿಂಗ್ ಓದುವವರಲ್ಲಿ ಬಹುತೇಕ ಪ್ರೈವೇಟ್ ಕಾಲೇಜಿನವರೇ.

ಪುಟ_ತಿರುಗಿಸು

ಈ ಹಂತದಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರ ನಡೆಸುವ ಸಂಸ್ಥೆಗಳು, ಕೇಂದ್ರದ ಸಂಶೋಧನಾ ಸಂಸ್ಥೆಗಳು ಮಾತ್ರ. ಒಟ್ಟು 6,300ಕ್ಕೂ ಹೆಚ್ಚು. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಪ್ರಶ್ನೆ ಕೇಳಿದವರಿಗೆ ಸಿನಾಪ್ಸಿಸ್ ಕೊಡುವ ದಿನ ಹತ್ತಿರ ಬಂದಿರುತ್ತದೆ. ಅದರ ಚರ್ಚೆ ಬೇರೆ ಕಡೆ ಇಟ್ಟುಕೊಳ್ಳೋಣ.

ಬೈಟು_ಕಾಫಿ

ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಭಾಷೆ ಮತ್ತು ಕಂಪ್ಯೂಟರ್ ಸೇರುವ ಕಡೆಯೇ ನನ್ನ ಕೆಲಸ. ಏಳನೇಸೆಮ್, ನಿಮ್ಮ ವಿಷಯಕ್ಕೆ ಬೇಕಾದ ಮುಖ್ಯ ಪೇಪರ್‌ಗಳಿಗೆ ಒಂದು ರೂಪಾಯಿಯೂ ಬೇಡ. ಗುರು, ಕಂಪ್ಯೂಟರ್ ಸೈನ್ಸ್ ಬೇರೆ ವಿಜ್ಞಾನದ ಹಾಗಲ್ಲ. ನಮ್ಮಲ್ಲಿ ಜರ್ನಲ್‌ಗಿಂತ ಕಾನ್ಫರೆನ್ಸ್ ದೊಡ್ಡದು, ಅದರಲ್ಲೂ ಒಳ್ಳೆಯ ಕಾನ್ಫರೆನ್ಸ್‌ಗಳು ಹೆಚ್ಚಿನವು ಎಲ್ಲರಿಗೂ ತೆರೆದಿವೆ.

ಭಾಷೆಯ ವಿಷಯಕ್ಕೆ ಎಸಿಎಲ್ ಆಂಥಾಲಜಿ, ಭಾಷಾ ಸಂಸ್ಕರಣೆಯ ಪೇಪರ್‌ಗಳನ್ನೆಲ್ಲಾ ಪುಕ್ಕಟೆ ಇಟ್ಟಿರುವ ಸೈಟ್. ಅಲ್ಲಿ ಹೋಗಿ "ಕನ್ನಡ" ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. 2020ರಲ್ಲಿ ಕನ್ನಡ-ಇಂಗ್ಲಿಷ್ ಬೆರೆತ ಯೂಟ್ಯೂಬ್ ಕಾಮೆಂಟ್‌ಗಳದ್ದೇ ಒಂದು ಡೇಟಾಸೆಟ್ (ಕಂಪ್ಯೂಟರ್‌ಗೆ ಕಲಿಸಲು ಬಳಸುವ ಸಂಗ್ರಹ) ಬಂತು, 7,671 ಕಾಮೆಂಟ್. ಭಾವನೆ ಯಾವುದು, ನಿಂದನೆ ಯಾವುದು ಅಂತ ಎರಡೂ ಗುರುತು ಹಾಕಿದ್ದಾರೆ. 2021ರಲ್ಲಿ ತಮಿಳು, ಮಲಯಾಳಂ, ಕನ್ನಡ ಮೂರಕ್ಕೂ ಸೇರಿಸಿ ಇದೇ ವಿಷಯದಲ್ಲಿ ಸ್ಪರ್ಧೆ ಇಟ್ಟಿದ್ದರು. ಬಂದ ತಂಡಗಳಲ್ಲಿ ಹಲವು ತಮ್ಮ ತಮ್ಮ ವಿಧಾನ ಬರೆದು ಪೇಪರ್ ಹಾಕಿವೆ. ನಿಮ್ಮ 15 ಪೇಪರ್ ಅಲ್ಲೇ ಮುಗಿಯುತ್ತದೆ, ಜಾಸ್ತಿಯೇ ಆಗುತ್ತದೆ.

ಬೇರೆ ವಿಷಯದವರೂ ಇದನ್ನು ಓದುತ್ತಿದ್ದರೆ ಕೇಳಿ, ಪೇಪರ್ ಪುಕ್ಕಟೆ ಸಿಗುವ ಜಾಗಗಳು ಇವು. ಆಪರೇಟಿಂಗ್ ಸಿಸ್ಟಂ, ಸೆಕ್ಯುರಿಟಿ ಮಾಡುವವರಿಗೆ ಯೂಸ್‌ನಿಕ್ಸ್, 2008ರಿಂದ ಎಲ್ಲಾ ಮುಕ್ತ. ಕಂಪ್ಯೂಟರ್ ವಿಷನ್‌ಗೆ ಸಿವಿಎಫ್ ಸೈಟ್. ಡೇಟಾಬೇಸ್‌ಗೆ ವಿಎಲ್‌ಡಿಬಿ. ಮಷೀನ್ ಲರ್ನಿಂಗ್‌ಗೆ ನ್ಯೂರಿಪ್ಸ್, ಪಿಎಂಎಲ್‌ಆರ್, ಜೆಎಂಎಲ್‌ಆರ್. ಈ ಕೊನೆಯದರ ಕತೆ ಚೆನ್ನಾಗಿದೆ. 2001ರಲ್ಲಿ ಒಂದು ದುಬಾರಿ ಜರ್ನಲ್‌ನ ಸಂಪಾದಕ ಮಂಡಳಿಯ 40 ಜನ ರಾಜೀನಾಮೆ ಬಿಸಾಕಿ, ಓದುವವರಿಗೆ ಪುಕ್ಕಟೆ ಸಿಗುವ ಈ ಜರ್ನಲ್ ಕಡೆ ಬಂದರು. ನಮ್ಮ ಕ್ಷೇತ್ರದಲ್ಲಿ ಇಷ್ಟು ಪೇಪರ್ ಪುಕ್ಕಟೆ ಸಿಗುತ್ತಿರುವುದರ ಹಿಂದೆ ಇಂಥ ಜಗಳಗಳಿವೆ.

ಕಂಪ್ಯೂಟರ್ ಸೈನ್ಸ್‌ನವರ ದೊಡ್ಡ ಸಂಘ ಎಸಿಎಂ ಬಗ್ಗೆ ಹಳೇ ಸಲಹೆ ಕೇಳಬೇಡಿ. 1951ರಿಂದ 2000ದವರೆಗಿನ ಪೇಪರ್‌ಗಳನ್ನು 2022ರಲ್ಲೇ ಎಲ್ಲರಿಗೂ ಬಿಟ್ಟರು. 2026ರ ಜನವರಿಯಿಂದ ಅವರ ಡಿಜಿಟಲ್ ಲೈಬ್ರರಿ ಪೂರ್ತಿ ಓಪನ್ ಆಕ್ಸೆಸ್. ಹುಡುಕಾಟದ ಕೆಲವು ಹೆಚ್ಚಿನ ಸೌಲಭ್ಯಕ್ಕೆ ಮಾತ್ರ ಚಂದಾ.

ಏಳನೇಸೆಮ್_ಗೋಳು

ಅಣ್ಣ, ತುಂಬಾ ಥ್ಯಾಂಕ್ಸ್. ಆದರೆ ಎಲ್ಲಾ ನೆಟ್‌ನಲ್ಲೇ ಸಿಗುವುದಾದರೆ ಲೈಬ್ರರಿ ಯಾಕೆ ಬೇಕು? ಮತ್ತೆ ಗೈಡ್ ಐ ಟ್ರಿಪಲ್ ಇ ಬಿಟ್ಟು ಬೇರೆ ಒಪ್ಪುವುದಿಲ್ಲ ಅನ್ನಿಸುತ್ತದೆ.

ಬೈಟು_ಕಾಫಿ

ಗೈಡ್ ಹತ್ತಿರ ವಾದ ಮಾಡಬೇಡಿ, ಪೇಪರ್ ತೋರಿಸಿ. ಡೇಟಾಸೆಟ್ ಎಲ್ಲಿಂದ ಬಂತು ಅಂತ ವೈವಾದಲ್ಲಿ ಎಕ್ಸ್‌ಟರ್ನಲ್ ಕೇಳಿದರೆ ಅದನ್ನು ಮೊದಲು ಮಾಡಿದವರ ಪೇಪರ್ ಹೆಸರೇ ಹೇಳಬೇಕು, ಅದು ಎಲ್ಲಿ ಬಂದಿದೆಯೋ ಅಲ್ಲಿ. ಐ ಟ್ರಿಪಲ್ ಇ ಯಿಂದ ಒಂದೆರಡು ಸೇರಿಸಿಕೊಳ್ಳಿ, ಎಲ್ಲರಿಗೂ ಸಮಾಧಾನ.

"ಮೂರು ವರ್ಷದೊಳಗಿನ ಬೇಸ್ ಪೇಪರ್" ಅನ್ನುವುದು ನಮ್ಮ ಕಾಲೇಜುಗಳಿಗೆ ಅಂಟಿಕೊಂಡ ಚಾಳಿ. ಅದರ ಫಲ ಏನಂದರೆ ಎಲ್ಲರೂ ಮೇಲಿನ ಪದರ ಮಾತ್ರ ಓದುತ್ತಾರೆ. ನೀವು ಖಂಡಿತ ಪದಗಳಿಗೆ ತೂಕ ಕೊಡುವ ಟಿಎಫ್-ಐಡಿಎಫ್ ಬಳಸುತ್ತೀರಿ, ಪಕ್ಕದಲ್ಲಿ ವರ್ಗ ಬೇರ್ಪಡಿಸುವ ಎಸ್‌ವಿಎಂ ವಿಧಾನ ಇಟ್ಟು ಹೋಲಿಸುತ್ತೀರಿ. ಟಿಎಫ್-ಐಡಿಎಫ್‌ನ ಐಡಿಎಫ್ ಭಾಗ ಕೇಂಬ್ರಿಡ್ಜ್‌ನ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಬರೆದದ್ದು, ಜರ್ನಲ್ ಆಫ್ ಡಾಕ್ಯುಮೆಂಟೇಶನ್‌ನಲ್ಲಿ. ಎಲ್ಲಾ ಕಡೆ ಬರುವ ಪದಕ್ಕೆ ತೂಕ ಕಡಿಮೆ, ಅಪರೂಪದ ಪದಕ್ಕೆ ಜಾಸ್ತಿ, ಇಷ್ಟೇ ವಿಷಯ. ಅದನ್ನು ಬರೆದಿದ್ದು ಲೈಬ್ರರಿಯಲ್ಲಿ ದಾಖಲೆ ಹುಡುಕುವ ಸಮಸ್ಯೆ ಬಿಡಿಸುವುದಕ್ಕೆ! ಲೈಬ್ರರಿ ಯಾಕೆ ಬೇಕು ಅಂದಿರಲ್ಲ, ನಿಮ್ಮ ಕೋಡ್‌ನ ಮೊದಲ ಸಾಲೇ ಅಲ್ಲಿಂದ ಬಂದದ್ದು. ಎಸ್‌ವಿಎಂನ ಕಾರ್ಟೆಸ್-ವಾಪ್ನಿಕ್ ಪೇಪರ್ 1995ರದು. ಇಂಥ ಹಳೆಯ ಜರ್ನಲ್ ಪೇಪರ್‌ಗಳು ಚಂದಾ ಗೋಡೆಯ ಹಿಂದೆ ಇರುವುದೇ ಹೆಚ್ಚು. ಲೈಬ್ರರಿ ಲಾಗಿನ್ ಬೇಕಾಗುವುದು ಅಲ್ಲಿ.

ಸುಮ್ನೆ_ಸೈಹಬ್

ಇಷ್ಟೆಲ್ಲಾ ಯಾಕೆ ಸ್ವಾಮಿ, ಚಂದಾ ಇಲ್ಲದೆ ಪೇಪರ್ ಕೊಡುವ ಸೈ-ಹಬ್ ಇದೆಯಲ್ಲ. ಪೇಪರ್‌ನ ಗುರುತಿನ ಸಂಖ್ಯೆ ಡಿಒಐ ಹಾಕು, ಪಿಡಿಎಫ್ ತಗೋ, ಹೋಗ್ತಾ ಇರು.

ಬೈಟು_ಕಾಫಿ

ಅದರ ಮೇಲೆ ಎಲ್ಸೆವಿಯರ್, ವೈಲಿ, ಅಮೆರಿಕನ್ ಕೆಮಿಕಲ್ ಸೊಸೈಟಿ ಸೇರಿ ದೆಹಲಿ ಹೈಕೋರ್ಟ್‌ನಲ್ಲಿ 2020ರ ಡಿಸೆಂಬರ್‌ನಲ್ಲಿ ಕೇಸು ಹಾಕಿದವು. 2025ರ ಆಗಸ್ಟ್‌ನಲ್ಲಿ ಭಾರತದಲ್ಲಿ ಬ್ಲಾಕ್ ಮಾಡಲು ಆದೇಶ ಆಯಿತು. ಸರಿ ತಪ್ಪು ಅಂತ ನಾನು ಪ್ರವಚನ ಕೊಡುವುದಿಲ್ಲ. ಕೇಸು ಶುರುವಾದ ಮೇಲೆ ಅಲ್ಲಿ ಹೊಸ ಪೇಪರ್ ಬರುವುದೇ ನಿಂತಿತ್ತು. ಗೈಡ್ ಕೇಳುತ್ತಿರುವ "ಮೂರು ವರ್ಷದೊಳಗಿನದು" ಅಲ್ಲಿ ಹುಡುಕಿ ಏನು ಪ್ರಯೋಜನ?

ಕಾನೂನು ಒಳಗೇ ದಾರಿಗಳಿವೆ. ಬ್ರೌಸರ್‌ಗೆ ಅನ್‌ಪೇವಾಲ್ ಅನ್ನುವ ಎಕ್ಸ್‌ಟೆನ್ಶನ್ ಹಾಕಿಕೊಳ್ಳಿ, ಪೇಪರ್‌ನ ಮುಕ್ತ ಪ್ರತಿ ಎಲ್ಲಾದರೂ ಇದ್ದರೆ ಪಕ್ಕದಲ್ಲಿ ಹಸಿರು ಬೀಗ ತೋರಿಸುತ್ತದೆ. ಗೂಗಲ್ ಸ್ಕಾಲರ್‌ನಲ್ಲಿ "ಆಲ್ ವರ್ಶನ್ಸ್" ಒತ್ತಿ, ಲೇಖಕರ ಸ್ವಂತ ಪುಟದಲ್ಲಿ ಪ್ರತಿ ಇರುತ್ತದೆ. ಐ ಟ್ರಿಪಲ್ ಇ ತನ್ನ ಲೇಖಕರಿಗೆ ಅಂಗೀಕಾರವಾದ ಪ್ರತಿಯನ್ನು ಸ್ವಂತ ಪುಟದಲ್ಲಿ ಇಡಲು ಬಿಡುತ್ತದೆ. ಅದೂ ಆಗದಿದ್ದರೆ ಲೇಖಕರಿಗೆ ಎರಡು ಸಾಲು ಮೇಲ್ ಹಾಕಿ. ವಿದ್ಯಾರ್ಥಿಯೊಬ್ಬ ತಮ್ಮ ಪೇಪರ್ ಓದುತ್ತೇನೆ ಅಂದರೆ ಬೇಡ ಅನ್ನುವವರು ಅಪರೂಪ.

ಪುಟ_ತಿರುಗಿಸು

ಇದರ ಜೊತೆಗೆ ನನ್ನದೊಂದು ಕೈಮುಗಿದ ಬೇಡಿಕೆ. ಆಕ್ಸೆಸ್ ಸಿಕ್ಕ ಖುಷಿಗೆ ಸ್ಕ್ರಿಪ್ಟ್ ಬರೆದು ಸಾವಿರಗಟ್ಟಲೆ ಪಿಡಿಎಫ್ ಇಳಿಸಬೇಡಿ. ಪ್ರತಿ ಪ್ರಕಾಶಕರ ಲೈಸೆನ್ಸ್‌ನಲ್ಲೂ ಈ ನಿಷೇಧ ಇರುತ್ತದೆ. ಅವರ ಯಂತ್ರಕ್ಕೆ ಅನುಮಾನ ಬಂದರೆ ಒಬ್ಬರನ್ನಲ್ಲ, ಇಡೀ ಕಾಲೇಜನ್ನೇ ಬ್ಲಾಕ್ ಮಾಡುತ್ತಾರೆ. ಪರಿಚಯದ ಒಂದು ಕಾಲೇಜಿನಲ್ಲಿ ಹಾಸ್ಟೆಲ್ ಹುಡುಗನೊಬ್ಬ ರಾತ್ರಿ ಪೂರ್ತಿ ಇಳಿಸಿದ. ಬೆಳಿಗ್ಗೆ ಥೀಸಿಸ್ ಬರೆಯುತ್ತಿದ್ದ ಎಂಟೆಕ್ ಹುಡುಗಿಯರು ಲೈಬ್ರೇರಿಯನ್ ಮುಂದೆ ಸಾಲಾಗಿ ನಿಂತಿದ್ದರಂತೆ. ಟೆಕ್ಸ್ಟ್ ಮೈನಿಂಗ್‌ಗೆ ಒಟ್ಟಾರೆ ಡೇಟಾ ಬೇಕಿದ್ದರೆ ಪ್ರಕಾಶಕರ ಎಪಿಐ ಇದೆ, ಅದಕ್ಕೆ ಅನುಮತಿ ಕೇಳುವ ಕ್ರಮ ಇದೆ. ಲೈಬ್ರರಿ ಮೂಲಕವೇ ಕೇಳಿ.

ಈಗ ಪುಸ್ತಕದ ವಿಷಯ. ಸಿಎಸ್ ವಿದ್ಯಾರ್ಥಿಗಳು 005 ಅಂತ ಬರೆದ ಒಂದು ಕಪಾಟಿನ ಮುಂದೆ ನಿಂತು "ಏನೂ ಇಲ್ಲ ಮೇಡಂ" ಅಂತ ವಾಪಸ್ ಹೋಗುತ್ತಾರೆ. ಪುಸ್ತಕಕ್ಕೆ ಹೀಗೆ ವಿಷಯದ ನಂಬರ್ ಕೊಡುವ ಡ್ಯೂಯಿ ವರ್ಗೀಕರಣ ಹುಟ್ಟಿದ್ದು 1876ರಲ್ಲಿ, ಆಗ ಕಂಪ್ಯೂಟರ್ ಎಲ್ಲಿತ್ತು? ಆಮೇಲೆ ಜಾಗ ಮಾಡಿ ತುರುಕಿದ್ದು. ಹೀಗಾಗಿ ನಿಮ್ಮ ವಿಷಯ ಲೈಬ್ರರಿ ತುಂಬಾ ಚದುರಿದೆ. ನೆಟ್‌ವರ್ಕ್ 004.6, ಪ್ರೋಗ್ರಾಮಿಂಗ್ 005.1, ಡೇಟಾಬೇಸ್ 005.74, ಸೆಕ್ಯುರಿಟಿ 005.8, ಎಐ 006.3. ಹಾರ್ಡ್‌ವೇರ್ ಬೇಕಾದರೆ ಎಲೆಕ್ಟ್ರಾನಿಕ್ಸ್‌ನವರ ಸಾಲಿಗೆ ಹೋಗಬೇಕು, 621.39. ಮಷೀನ್ ಲರ್ನಿಂಗ್ ಅರ್ಥವಾಗದವರು ನಿಜಕ್ಕೂ ಓದಬೇಕಾದ ಸ್ಟ್ಯಾಟಿಸ್ಟಿಕ್ಸ್ 519.5ರಲ್ಲಿ, ಗಣಿತದವರ ಜೊತೆ ಇದೆ. ಏಳನೇಸೆಮ್ ಅವರಿಗೆ ಬೇಕಾದ್ದು 006.35, ಮಾನವ ಭಾಷೆಯ ಸಂಸ್ಕರಣೆ. ಒಪ್ಯಾಕ್‌ನಲ್ಲಿ (ಲೈಬ್ರರಿಯ ಕಂಪ್ಯೂಟರ್ ಕ್ಯಾಟಲಾಗ್) ಹುಡುಕಿ ಒಂದು ಪುಸ್ತಕದ ಕಾಲ್ ನಂಬರ್ ಬರೆದುಕೊಂಡು ಹೋಗಿ, ಅದರ ಎಡಬಲದಲ್ಲಿ ಏನಿದೆ ಅಂತಲೂ ನೋಡಿ. ರೆಫರೆನ್ಸ್ ಸೆಕ್ಷನ್ ಬೇರೆ ಇರುತ್ತದೆ, ಅಲ್ಲಿನವು ಮನೆಗೆ ಕೊಡುವುದಿಲ್ಲ, ಆದರೆ ಬೇಕಾದ ಅಧ್ಯಾಯ ಜೆರಾಕ್ಸ್ ಮಾಡಿಸಬಹುದು.

ಬ್ಯಾಗ್_ಹೊರಗಿಡಿ

ಲೈಬ್ರರಿ ಸೈನ್ಸ್‌ನ ರಂಗನಾಥನ್ ಅವರು 1931ರಲ್ಲೇ ಐದು ನಿಯಮ ಹೇಳಿದ್ದರು, ಅದರಲ್ಲಿ ಒಂದು "ಓದುಗನ ಸಮಯ ಉಳಿಸು". ಅವರು 1962ರಲ್ಲಿ ಲೈಬ್ರರಿ ಸೈನ್ಸ್ ಸಂಶೋಧನೆ, ತರಬೇತಿಯ ಕೇಂದ್ರ ಡಿಆರ್‌ಟಿಸಿ ಶುರು ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ಆದರೆ ನಮ್ಮ ಕಾಲೇಜಿನಲ್ಲಿ ಆರನೇ ನಿಯಮ ಒಂದಿದೆ, ಬ್ಯಾಗ್ ಹೊರಗಿಡು, ರಿಜಿಸ್ಟರ್‌ನಲ್ಲಿ ಸಹಿ ಹಾಕು, ಐಡಿ ಕಾರ್ಡ್ ತೋರಿಸು, ಲ್ಯಾಪ್‌ಟಾಪ್‌ಗೆ ಎಚ್‌ಒಡಿ ಲೆಟರ್ ತಾ. ಅಷ್ಟರಲ್ಲಿ ಪೀರಿಯಡ್ ಬೆಲ್ ಹೊಡೆದಿರುತ್ತದೆ. ಮೇಡಂ, ನೀವು ಒಳ್ಳೆಯವರಿರಬಹುದು, ಎಲ್ಲಾ ಲೈಬ್ರರಿಗಳು ಹಾಗಿರುವುದಿಲ್ಲ.

ಪುಟ_ತಿರುಗಿಸು

ಒಪ್ಪುತ್ತೇನೆ. ಪುಸ್ತಕ ಕಳೆದರೆ ನಮ್ಮ ಸಂಬಳದಲ್ಲಿ ಹಿಡಿಯುವ ಜಾಗಗಳಿವೆ, ಆ ಭಯದಲ್ಲಿ ಹುಟ್ಟಿದ ಪದ್ಧತಿ ಇದು. ಹಾಗಂತ ನಿಮ್ಮ ಪೀರಿಯಡ್ ವಾಪಸ್ ಬರುವುದಿಲ್ಲ ಬಿಡಿ.

ಎಲ್ಲಾ_ಎಐ_ಮಹಿಮೆ

ಈಗಿನ ಕಾಲದಲ್ಲಿ ಕಪಾಟು ಯಾರು ನೋಡುತ್ತಾರೆ? ಚಾಟ್‌ಜಿಪಿಟಿಗೆ ಹೇಳಿದರೆ 15 ಪೇಪರ್, ಸಾರಾಂಶ, ರೆಫರೆನ್ಸ್ ಎಲ್ಲಾ ಒಂದೇ ಏಟಿಗೆ ಕೊಡುತ್ತದೆ.

ಪುಟ_ತಿರುಗಿಸು

ಕೊಡುತ್ತದೆ. ಅದರಲ್ಲಿ ಎಷ್ಟು ನಿಜವಾಗಿ ಇವೆ ಅಂತ ನೋಡಿದ್ದೀರಾ?

ಇದು ನಮ್ಮ ಕೌಂಟರ್‌ಗೆ ಬಂದಿರುವ ಹೊಸ ಕಾಟ. ಹುಡುಗರು ಚೀಟಿ ಹಿಡಿದು ಬರುತ್ತಾರೆ, "ಈ ಪೇಪರ್ ಎಲ್ಲೂ ಸಿಗ್ತಿಲ್ಲ ಮೇಡಂ, ತರಿಸಿಕೊಡಿ". ಲೇಖಕರ ಹೆಸರು ನಿಜ, ಅವರು ಆ ಕ್ಷೇತ್ರದವರೇ. ಜರ್ನಲ್ ನಿಜ. ವರ್ಷ, ವಾಲ್ಯೂಮ್, ಪುಟ ಸಂಖ್ಯೆ ಎಲ್ಲಾ ಅಚ್ಚುಕಟ್ಟು. ಆದರೆ ಆ ಪೇಪರ್ ಅನ್ನು ಯಾರೂ ಬರೆದೇ ಇಲ್ಲ! ಆ ವಾಲ್ಯೂಮ್ ತೆರೆದು ಆ ಪುಟ ನೋಡಿದರೆ ಅಲ್ಲಿ ಬೇರೆ ಯಾರದೋ ಬೇರೇನೋ ಇರುತ್ತದೆ. ಇದಕ್ಕಾಗಿ ನಾನು ಡೆಲ್ನೆಟ್‌ಗೆ (ಲೈಬ್ರರಿಗಳು ಪುಸ್ತಕ, ಲೇಖನ ಹಂಚಿಕೊಳ್ಳುವ ಜಾಲ) ಬೇಡಿಕೆ ಕಳಿಸಬೇಕೆನ್ನುವಷ್ಟರಲ್ಲಿ ಅನುಮಾನ ಬಂದು ನಿಲ್ಲಿಸಿದ್ದೂ ಉಂಟು. ಈಗ ಚೀಟಿ ಕೈಗೆ ಬಂದ ತಕ್ಷಣ ಮೊದಲು ಡಿಒಐ ನೋಡುತ್ತೇನೆ. ಡಿಒಐ ಸೈಟಿನಲ್ಲಿ ಹಾಕಿದಾಗ ಬೇರೆ ಪೇಪರ್ ತೆರೆದರೆ ಅಥವಾ ಏನೂ ತೆರೆಯದಿದ್ದರೆ ಅಲ್ಲಿಗೆ ಮುಗಿಯಿತು. ಡಿಒಐ ಇಲ್ಲದಿದ್ದರೆ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕುತ್ತೇನೆ.

ವಿಷಯ ಅರ್ಥ ಮಾಡಿಕೊಳ್ಳಲು, ಹುಡುಕುವ ಪದಗಳ ಐಡಿಯಾ ಪಡೆಯಲು ಕೇಳಿ, ನನ್ನ ಅಭ್ಯಂತರ ಇಲ್ಲ. ರೆಫರೆನ್ಸ್ ಪಟ್ಟಿ ಮಾತ್ರ ಅದರ ಕೈಯಲ್ಲಿ ಬರೆಸಬೇಡಿ. ತೆರೆದು ಓದದ ಪೇಪರ್ ನಿಮ್ಮ ರಿಪೋರ್ಟ್‌ನಲ್ಲಿ ಇರಲೇಬಾರದು.

ಬೈಟು_ಕಾಫಿ

ಮೇಡಂ ಹೇಳಿದ್ದಕ್ಕೆ ಸಿಎಸ್‌ನವರಿಗೆ ಇನ್ನೊಂದು ಉಪಾಯ. ಡಿಬಿಎಲ್‌ಪಿ ಅಂತ ಸೈಟ್ ಇದೆ, ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಶುರುವಾದದ್ದು, ಈಗ ಶ್ಲೋಸ್ ಡಾಗ್‌ಸ್ಟುಲ್ ನಡೆಸುತ್ತದೆ. ಕಂಪ್ಯೂಟರ್ ಸೈನ್ಸ್ ಪೇಪರ್‌ಗಳ ದಾಖಲೆ ಪುಸ್ತಕ ಇದ್ದ ಹಾಗೆ. ಲೇಖಕರ ಹೆಸರು ಹಾಕಿದರೆ ಅವರು ಯಾವ ವರ್ಷ ಎಲ್ಲಿ ಏನು ಬರೆದರು ಅಂತ ಸಾಲಾಗಿ ಬರುತ್ತದೆ. ಅಲ್ಲಿಂದಲೇ ರೆಫರೆನ್ಸ್ ವಿವರವನ್ನು ಬಿಬ್‌ಟೆಕ್ ರೂಪದಲ್ಲಿ ನಕಲು ಮಾಡಿಕೊಳ್ಳಬಹುದು, ಗೂಗಲ್ ಸ್ಕಾಲರ್‌ನದ್ದಕ್ಕಿಂತ ಶುದ್ಧವಾಗಿರುತ್ತದೆ.

ಲೇಖಕರು ತಾವೇ ಪೇಪರ್ ಹಾಕುವ ಆರ್‌ಕೈವ್ ಸೈಟ್ ಬಳಸುವಾಗಲೂ ಇದು ಬೇಕು. ಅದು 1991ರಿಂದ ಇದೆ, ಬಹಳ ಒಳ್ಳೆಯದು, ಆದರೆ ಅಲ್ಲಿ ಹಾಕುವ ಮುನ್ನ ಪೇಪರ್ ಅನ್ನು ಬೇರೆ ತಜ್ಞರು ಓದಿ ಒಪ್ಪಿರುವುದಿಲ್ಲ. ಅದೇ ಪೇಪರ್ ಆಮೇಲೆ ಕಾನ್ಫರೆನ್ಸ್‌ನಲ್ಲಿ ಬಂದಿದೆಯಾ ಅಂತ ಡಿಬಿಎಲ್‌ಪಿಯಲ್ಲಿ ನೋಡಿ. ಬಂದಿದ್ದರೆ ಅದನ್ನೇ ಉಲ್ಲೇಖಿಸಿ.

ಹುಡುಕುವ ಪದದ ಬಗ್ಗೆ ಒಂದು ಮಾತು, ಇಲ್ಲಿ ಎಲ್ಲರೂ ಸಮಯ ಹಾಳು ಮಾಡುತ್ತಾರೆ. ನಿಮ್ಮ ವಿಷಯವನ್ನೇ ತಗೊಳ್ಳಿ. ಒಬ್ಬರು "ಕೋಡ್-ಮಿಕ್ಸ್‌ಡ್" ಅನ್ನುತ್ತಾರೆ, ಇನ್ನೊಬ್ಬರು "ಕೋಡ್-ಸ್ವಿಚಿಂಗ್", ಮತ್ತೊಬ್ಬರು "ರೋಮನೈಸ್ಡ್", ಕೆಲವರು "ಟ್ರಾನ್ಸ್‌ಲಿಟರೇಟೆಡ್". ಬೈಗುಳಕ್ಕೆ "ಹೇಟ್ ಸ್ಪೀಚ್", "ಅಫೆನ್ಸಿವ್", "ಅಬ್ಯೂಸಿವ್", "ಟಾಕ್ಸಿಕ್". ಒಂದೇ ಪದ ಹಾಕಿ "ಕನ್ನಡದಲ್ಲಿ ಕೆಲಸವೇ ಆಗಿಲ್ಲ" ಅಂತ ರಿಪೋರ್ಟ್‌ನಲ್ಲಿ ಬರೆಯುವವರನ್ನು ನೋಡಿದರೆ ನನಗೆ ತಲೆ ಬಿಸಿಯಾಗುತ್ತದೆ. ಒಂದು ಗುಂಪಿನ ಪದಗಳ ನಡುವೆ "ಆರ್", ಎರಡು ಗುಂಪಿನ ನಡುವೆ "ಆಂಡ್", ಜೊತೆಗೆ ಭಾಷೆಯ ಹೆಸರು. ಐ ಟ್ರಿಪಲ್ ಇ ಎಕ್ಸ್‌ಪ್ಲೋರ್‌ನ ಅಡ್ವಾನ್ಸ್‌ಡ್ ಸರ್ಚ್‌ನಲ್ಲಿ ಇದನ್ನು ಹಾಗೇ ಹಾಕಬಹುದು. ಒಳ್ಳೆಯ ಪೇಪರ್ ಒಂದು ಸಿಕ್ಕಿತಾ, ಅದರ ಕೊನೆಯ ರೆಫರೆನ್ಸ್ ಪಟ್ಟಿ ನೋಡಿ ಹಿಂದಕ್ಕೆ ಹೋಗಿ, ಸ್ಕಾಲರ್‌ನಲ್ಲಿ "ಸೈಟೆಡ್ ಬೈ" ಒತ್ತಿ ಮುಂದಕ್ಕೆ ಬನ್ನಿ. ಒಂದೆರಡು ಸುತ್ತಿನಲ್ಲಿ ಅವೇ ಹೆಸರುಗಳು ಮತ್ತೆ ಮತ್ತೆ ಬರಲು ಶುರುವಾದರೆ ನೀವು ಕ್ಷೇತ್ರವನ್ನು ಹೆಚ್ಚು ಕಡಿಮೆ ಸುತ್ತಿದ್ದೀರಿ ಅಂತ ಲೆಕ್ಕ. ಎಲ್ಲವನ್ನೂ ಝೊಟೆರೋದಲ್ಲಿ ಇಡಿ, ರೆಫರೆನ್ಸ್ ಜೋಡಿಸಿಡುವ ಪುಕ್ಕಟೆ ತಂತ್ರಾಂಶ.

ಅಂಕಿ_ಬರೆವಾಕೆ

ನಮ್ಮ ಪ್ರಾಜೆಕ್ಟ್ ಕೈಬರಹದ ಕನ್ನಡ ಅಂಕಿ ಗುರುತಿಸುವುದು. 2019ರ ಕನ್ನಡ-ಎಂನಿಸ್ಟ್ ಡೇಟಾಸೆಟ್ ಸಿಕ್ಕಿತು, ಕಲಿಸಲು 60,000, ಪರೀಕ್ಷಿಸಲು 10,000 ಚಿತ್ರ. ಪೇಪರ್ ಆರ್‌ಕೈವ್‌ನಲ್ಲೇ ಇದೆ. ಆದರೆ ಅದಕ್ಕೂ ಮುಂಚೆ ಕರ್ನಾಟಕದಲ್ಲಿ ಯಾರು ಏನು ಮಾಡಿದ್ದರು ಅಂತ ತಿಳಿಯಲು ಭಾರತದ ಪಿಎಚ್‌ಡಿ ಥೀಸಿಸ್‌ಗಳ ಸೈಟ್ ಶೋಧಗಂಗಾ ಒಂದೇ ಕೈಹಿಡಿದದ್ದು. ಕನ್ನಡ ಅಕ್ಷರ ಗುರುತಿಸುವುದರ ಮೇಲೆ ಪಿಎಚ್‌ಡಿ ಮಾಡಿದವರ ಥೀಸಿಸ್‌ಗಳು ಅಲ್ಲಿವೆ, ಎರಡನೇ ಅಧ್ಯಾಯ ತೆರೆದರೆ ಹಳೆಯ ಕೆಲಸವೆಲ್ಲಾ ಒಂದೇ ಕಡೆ ಸಿಗುತ್ತದೆ. ಲಾಗಿನ್ ಬೇಡ, ದುಡ್ಡು ಬೇಡ.

ಬೈಟು_ಕಾಫಿ

ಒಳ್ಳೆಯ ಮಾತು. ಏಳನೇಸೆಮ್, ನೀವು ಕನ್ನಡ ವಿಭಾಗದವರ ಥೀಸಿಸ್ ಹುಡುಕುವುದಾದರೆ ಒಂದು ತೊಡಕು ಇದೆ. ಹಳೆಯವು ನುಡಿ ತಂತ್ರಾಂಶದ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಆಗಿವೆ, ಇಲ್ಲ ಸ್ಕ್ಯಾನ್. ಒಳಗಿನ ಪದ ಹುಡುಕಿದರೆ ಸಿಗುವುದಿಲ್ಲ, ಕಾಪಿ ಮಾಡಿದರೆ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಬರುತ್ತದೆ. ಶೀರ್ಷಿಕೆ, ವಿಭಾಗ, ವಿಶ್ವವಿದ್ಯಾಲಯದ ಮೂಲಕ ಹೋಗಿ, ಪರಿವಿಡಿ ನೋಡಿ.

ಮತ್ತೆ ಭಾಷೆಯ ಕಡೆಯ ಓದನ್ನು ಬಿಡಬೇಡಿ. "ಹೋಗೋ", "ಹೋಗ್ರಿ", "ಹೋಗಲೇ" ಮೂರರಲ್ಲಿ ಬೈಗುಳ ಯಾವುದು ಅಂತ ಹೇಳಿ ನೋಡೋಣ? ಊರು ಬದಲಾದರೆ ಉತ್ತರ ಬದಲಾಗುತ್ತದೆ. ಇದು ಐ ಟ್ರಿಪಲ್ ಇ ಪೇಪರ್‌ನಲ್ಲಿ ಸಿಗುವುದಿಲ್ಲ, ಕನ್ನಡದ ಉಪಭಾಷೆಗಳ ಮೇಲಿನ ಪುಸ್ತಕಗಳಲ್ಲಿ ಸಿಗುತ್ತದೆ.

ಪುಟ_ತಿರುಗಿಸು

ಅಂಥ ಪುಸ್ತಕ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇರುವುದಿಲ್ಲ. ಡಿಗ್ರಿ ಕಾಲೇಜು ಅಥವಾ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ 494.814 ಕೇಳಿ, ಕನ್ನಡ ಭಾಷೆಯ ನಂಬರ್ ಅದು. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ 1969ರಿಂದ ಇದೇ ಕೆಲಸ ಮಾಡುತ್ತಿದೆ, ಅಲ್ಲಿ ಲೈಬ್ರರಿಯೂ ಇದೆ, ಕನ್ನಡದ ಪಠ್ಯ ಮತ್ತು ಧ್ವನಿ ಸಂಗ್ರಹವೂ ಇದೆ. ಹೋಗುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ, ಕಾಲೇಜಿನಿಂದ ಒಂದು ಪತ್ರ ಜೇಬಿನಲ್ಲಿರಲಿ. ನಿಮ್ಮ ಕಾಲೇಜು ಡೆಲ್ನೆಟ್ ಸದಸ್ಯ ಆಗಿದ್ದರೆ ಬೇರೆ ಊರಿನ ಲೈಬ್ರರಿಯ ಪುಸ್ತಕ, ಲೇಖನದ ಪ್ರತಿ ತರಿಸಿಕೊಡಬಹುದು. ತಡ ಆಗುತ್ತದೆ, ಸೆಮ್ ಶುರುವಿನಲ್ಲೇ ಕೇಳಿ.

ಶೋಧಗಂಗಾ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿಂದ ಪ್ಯಾರಾ ಎತ್ತಿ ಹಾಕಿದರೆ ಪ್ಲೇಜಿಯರಿಸಂ ತಂತ್ರಾಂಶ ಹಿಡಿಯುತ್ತದೆ. ಯುಜಿಸಿಯ 2018ರ ನಿಯಮದಲ್ಲಿ 10 ಪರ್ಸೆಂಟ್‌ವರೆಗಿನ ಹೋಲಿಕೆಗೆ ಶಿಕ್ಷೆ ಇಲ್ಲ, ಅದರ ಮೇಲೆ 40, 60 ಅಂತ ಮೆಟ್ಟಿಲು ಮೆಟ್ಟಿಲಾಗಿ ಶಿಕ್ಷೆ ಏರುತ್ತದೆ. ಕೊಡುವ ಮುಂಚೆ ಲೈಬ್ರರಿಯಲ್ಲೇ ಒಮ್ಮೆ ಚೆಕ್ ಮಾಡಿಸಿ.

ಹೊರನಾಡ_ಸಿಎಸ್

ಅಮೆರಿಕದಲ್ಲಿ ಎಂಎಸ್ ಮಾಡುತ್ತಿದ್ದೇನೆ. ಇಲ್ಲಿ ಸಿಎಸ್ ವಿಭಾಗಕ್ಕೇ ಅಂತ ಒಬ್ಬ ಲೈಬ್ರೇರಿಯನ್ ಇದ್ದಾರೆ. ಹೀಗೆ ಹೀಗೆ ಹುಡುಕುತ್ತಿದ್ದೇನೆ ಅಂದರೆ ಅರ್ಧ ಗಂಟೆ ಪಕ್ಕದಲ್ಲಿ ಕೂತು ಹೇಳಿಕೊಡುತ್ತಾರೆ. ಇಲ್ಲದ ಅಧ್ಯಾಯ ಬೇರೆ ಲೈಬ್ರರಿಯಿಂದ ಸ್ಕ್ಯಾನ್ ಆಗಿ ಮೇಲ್‌ಗೆ ಬರುತ್ತದೆ. ಊರಲ್ಲಿ ಬಿಇ ಮಾಡುವಾಗ ಲೈಬ್ರೇರಿಯನ್ ಹತ್ತಿರ ನಾನು ಮಾತಾಡಿದ್ದು ನೋ ಡ್ಯೂಸ್ ಸಹಿಗೆ ಮಾತ್ರ.

ಏಳನೇಸೆಮ್_ಗೋಳು

ಅಪ್‌ಡೇಟ್. ಮೇಡಂ ಹೇಳಿದ ಹಾಗೆ ಡಿಜಿಟಲ್ ಲೈಬ್ರರಿಯಲ್ಲಿ ಕೂತು ನೋಡಿದೆ, ಐ ಟ್ರಿಪಲ್ ಇ ತೆರೆಯಿತು! ನಮ್ಮ ಕಾಲೇಜಿನ ಹೆಸರೂ ಬಂತು. ರಿಮೋಟ್ ಐಡಿಗೆ ಫಾರಂ ತುಂಬಿದ್ದೇನೆ. ಎಸಿಎಲ್‌ನ ಡೇಟಾಸೆಟ್ ಪೇಪರ್ ಗೈಡ್‌ಗೆ ತೋರಿಸಿದೆ, "ಇದು ಐ ಟ್ರಿಪಲ್ ಇ ಅಲ್ವಲ್ಲಪ್ಪ" ಅಂದರು, ಓದಿದರು, ಇಟ್ಟುಕೋ ಅಂದರು. ಇನ್ನೊಂದು ವಿಷಯ, ಒಂದು "ಇಂಟರ್‌ನ್ಯಾಷನಲ್ ಜರ್ನಲ್" ಇಂದ ಮೇಲ್ ಬಂದಿದೆ, ದುಡ್ಡು ಕಟ್ಟಿದರೆ ಮೂರು ದಿನದಲ್ಲಿ ಪಬ್ಲಿಶ್ ಅಂತೆ. ಕ್ಲಾಸಿನಲ್ಲಿ ಎಲ್ಲರೂ ಮಾಡಿಸುತ್ತಿದ್ದಾರೆ.

ಬೈಟು_ಕಾಫಿ

ಮೂರು ದಿನದಲ್ಲಿ ಒಬ್ಬ ತಜ್ಞ ನಿಮ್ಮ ಪೇಪರ್ ತೆರೆದೂ ನೋಡಿರುವುದಿಲ್ಲ. ಬೇಡ. ಮೊದಲು ಯುಜಿಸಿ ಒಪ್ಪಿದ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿ ನೋಡಿ ಅನ್ನುತ್ತಿದ್ದೆವು, 2019ರಲ್ಲಿ ಬಂದದ್ದು, 2025ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸಿದರು. ಈಗ ನಾವೇ ನೋಡಬೇಕು. ಸಂಪಾದಕರು ಯಾರು, ಅವರ ವಿಶ್ವವಿದ್ಯಾಲಯದ ಪುಟದಲ್ಲಿ ಈ ಜರ್ನಲ್ ಹೆಸರಿದೆಯಾ, ನೀವು ಓದಿದ 15 ಪೇಪರ್‌ಗಳಲ್ಲಿ ಒಂದಾದರೂ ಅಲ್ಲಿ ಬಂದಿದೆಯಾ. ಕೆಲಸ ಚೆನ್ನಾಗಿ ಬಂದರೆ ದ್ರಾವಿಡ ಭಾಷೆಗಳ ವರ್ಕ್‌ಶಾಪ್‌ಗೆ ಕಳಿಸಿ, ರಿಜೆಕ್ಟ್ ಆದರೂ ಯಾಕೆ ಅಂತ ಬರೆದು ಕಳಿಸುತ್ತಾರೆ.

ಪಾಸೌಟ್_2023

ತಡವಾಗಿ ಬಂದೆ. ಕಾಲೇಜು ಮುಗಿದು ಕಂಪನಿಯಲ್ಲಿ ಇದ್ದೇನೆ, ಪಿಎಚ್‌ಡಿ ಅರ್ಜಿಗೆ ಓದಬೇಕು. ಹಳೇ ಯುಎಸ್‌ಎನ್‌ನಲ್ಲಿ ಲಾಗಿನ್ ಆಗುತ್ತಿಲ್ಲ. ನನ್ನಂಥವರಿಗೆ ಏನು ದಾರಿ ಮೇಡಂ?

ಪುಟ_ತಿರುಗಿಸು

ರಿಮೋಟ್ ಐಡಿ ಓದುತ್ತಿರುವವರಿಗೆ, ಪಾಠ ಮಾಡುವವರಿಗೆ ಮಾತ್ರ. ಆದರೆ ಬಹಳಷ್ಟು ಪ್ರಕಾಶಕರ ಲೈಸೆನ್ಸ್‌ನಲ್ಲಿ "ವಾಕ್-ಇನ್ ಯೂಸರ್" ಅಂತ ಒಂದು ಸಾಲು ಇರುತ್ತದೆ. ಅಂದರೆ ಹೊರಗಿನವರು ಲೈಬ್ರರಿ ಒಳಗೆ ಬಂದು ಅಲ್ಲಿನ ಕಂಪ್ಯೂಟರ್‌ನಲ್ಲೇ ಕೂತು ಓದಬಹುದು. ಒಳಗೆ ಬಿಡುವುದು ಬಿಡದಿರುವುದು ಆಯಾ ಕಾಲೇಜಿಗೆ ಸೇರಿದ್ದು. ನಿಮ್ಮ ಹಳೇ ಕಾಲೇಜಿಗೇ ಮೊದಲು ಹೋಗಿ, ಪ್ರಿನ್ಸಿಪಾಲರ ಹೆಸರಿಗೆ ಅರ್ಧ ಪುಟದ ಅರ್ಜಿ, ಡಿಗ್ರಿ ಸರ್ಟಿಫಿಕೇಟ್ ಜೆರಾಕ್ಸ್, ಫೋಟೋ ಐಡಿ ತಗೊಂಡು. ಬೇಕಾದ ಪೇಪರ್‌ಗಳ ಪಟ್ಟಿ ಡಿಒಐ ಸಮೇತ ಮೊದಲೇ ಬರೆದುಕೊಂಡಿರಿ. ಶನಿವಾರ ಬೆಳಿಗ್ಗೆ ಹೋಗಿ, ಹುಡುಗರು ಕಡಿಮೆ ಇರುತ್ತಾರೆ, ಕಂಪ್ಯೂಟರ್ ಖಾಲಿ ಸಿಗುತ್ತದೆ.